ಸ್ಟೆಪ್ನಿ ಹೊತ್ತ ಹಿಂಬಾಗಿಲು ಇಳಿದಿದೆ: ಹಿಂಜ್ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡೆಯ ಮೇಲೆ. ತೋಟದ ಕೆಲಸಕ್ಕೆಂದು 2008ರ ಮಾಡೆಲಿನ ಮಾರುತಿ ಜಿಪ್ಸಿ ತೆಗೆದುಕೊಂಡಿದ್ದೇವೆ. ಸ್ಟೆಪ್ನಿ ಹಿಂದಿನ ಬಾಗಿಲ ಮೇಲೆಯೇ ಇದೆ. ಮೊದಲಿನ ಮಾಲಕರು ನಾಲ್ಕೂ ಚಕ್ರಕ್ಕೆ 235/75 ಆರ್15 ಟಯರ್ ಹಾಕಿಸಿದ್ದರು, ಸ್ಟೆಪ್ನಿಯೂ ಅದೇ ಅಳತೆಯದು. ಈಗ ಬಾಗಿಲು ಲಾಕಿನ ಬದಿಗೆ ಇಳಿದಿದೆ, ಎತ್ತಿ ದೂಡಿದರೆ ಮಾತ್ರ ಲಾಕ್ ಬೀಳುತ್ತದೆ. ಮಣ್ಣಿನ ರಸ್ತೆಯಲ್ಲಿ ಕಟಕಟ ಶಬ್ದ, ಒಳಗೆಲ್ಲ ಕೆಂಪು ಧೂಳು. ಒಬ್ಬ ಮೆಕ್ಯಾನಿಕ್ ಸ್ಟ್ರೈಕರನ್ನು (ಬಾಡಿಯಲ್ಲಿ ಲಾಕ್ ಕಚ್ಚಿಕೊಳ್ಳುವ ಕೊಂಡಿಯನ್ನು) ಕೆಳಗಿಳಿಸಿ ಕೊಟ್ಟರು, ಸ್ವಲ್ಪ ದಿನ ಸರಿಯಿತ್ತು. ಇನ್ನೊಬ್ಬರು ಬಿಜಾಗ್ರಿಗೆ (ಹಿಂಜಿಗೆ) ವೆಲ್ಡಿಂಗ್ ಹೊಡೆದರೆ ಸಾಕು ಎನ್ನುತ್ತಾರೆ. ಹೊಸ ಹಿಂಜ್ ತಂದು ಅಂಗಳದಲ್ಲಿ ನಾವೇ ಹಾಕಬಹುದೇ? ಮೇಲಿನದ್ದು ಮಾತ್ರ ಸವೆದಂತೆ ಕಾಣುತ್ತದೆ. ಅದೊಂದನ್ನೇ ಬದಲಿಸಿದರೆ ಆಗುತ್ತದೆಯೇ?

ಉತ್ತರ: ಹಾಕಬಹುದು. ಹಿಂಜ್ ಬದಲಿಸುವುದು ಇಬ್ಬರು ಸೇರಿ ಒಂದು ದಿನದಲ್ಲಿ ಮುಗಿಸುವ ಕೆಲಸ, ದೊಡ್ಡ ಉಪಕರಣವೂ ಬೇಡ. ಆದರೆ ನಿಮ್ಮ ಪತ್ರದಲ್ಲಿ ಇನ್ನೂ ಉತ್ತರ ಸಿಗದ ಪ್ರಶ್ನೆಯೊಂದಿದೆ: ಬಾಗಿಲು ಇಳಿದದ್ದು ಹಿಂಜ್ ಸವೆದೇ ಹೌದೋ? ಇಳಿದ ಬಾಗಿಲಿಗೆ ಕಾರಣ ನಾಲ್ಕು ಇರಬಹುದು. ಹಿಂಜಿನ ಪಿನ್ ಸವೆದಿರಬಹುದು, ಹಿಂಜಿನ ಬೋಲ್ಟ್ ಸಡಿಲಾಗಿರಬಹುದು, ಹಿಂಜ್ ಕೂರುವ ಕಂಬದ ಅಥವಾ ಬಾಗಿಲಿನ ತಗಡು ಸೀಳಿರಬಹುದು, ಇಲ್ಲವೇ ಹಿಂಜ್ ಮತ್ತು ಬಾಡಿಯ ನಡುವೆ ತುಕ್ಕು ಉಬ್ಬಿ ಹಿಂಜಿನ ಎಲೆಯನ್ನೇ (ಬೋಲ್ಟ್ ಹಾಕುವ ಚಪ್ಪಟೆ ಭಾಗವನ್ನೇ) ಹೊರಗೆ ದೂಡಿರಬಹುದು. ಹೊಸ ಹಿಂಜಿನಿಂದ ಪೂರ್ತಿ ಗುಣವಾಗುವುದು ಮೊದಲನೆಯದು ಮಾತ್ರ. ಸೀಳಿದ ಕಂಬಕ್ಕೆ ಹೊಸ ಹಿಂಜ್ ಹಾಕಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಬಾಗಿಲು ಮತ್ತೆ ಅಲ್ಲಿಗೇ ಬರುತ್ತದೆ, ಹಿಂಜಿನ ಹಣವೂ ಹೋಗುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅರ್ಧ ಗಂಟೆ ಪರೀಕ್ಷೆಗೆ ಕೊಡಿ.

ಮೊದಲು ಭಾರದ ಲೆಕ್ಕ

ಬದಿಗೆ ತೆರೆಯುವ ಬಾಗಿಲಿನ ಭಾರವನ್ನು ಎರಡು ಹಿಂಜುಗಳು ಒಂದೇ ರೀತಿಯಲ್ಲಿ ಹೊರುವುದಿಲ್ಲ. ಮೇಲಿನದ್ದನ್ನು ಬಾಗಿಲು ಹೊರಗೆ ಎಳೆಯುತ್ತದೆ, ಕೆಳಗಿನದ್ದನ್ನು ಬಾಡಿಯ ಕಡೆಗೆ ಒತ್ತುತ್ತದೆ. ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಒಟ್ಟು ಭಾರವನ್ನು ಭಾರದ ಕೇಂದ್ರಕ್ಕೂ ಹಿಂಜಿಗೂ ಇರುವ ದೂರದಿಂದ ಗುಣಿಸಿ, ಎರಡು ಹಿಂಜುಗಳ ನಡುವಿನ ಅಂತರದಿಂದ ಭಾಗಿಸಬೇಕು. ಉದಾಹರಣೆಗೆ ಬಾಗಿಲು, ಸ್ಟೆಪ್ನಿ ಸೇರಿ 50 ಕೆಜಿ, ಭಾರದ ಕೇಂದ್ರ ಹಿಂಜಿನಿಂದ 50 ಸೆಂಮೀ ದೂರ, ಹಿಂಜುಗಳ ನಡುವೆ 40 ಸೆಂಮೀ ಎಂದಿಟ್ಟುಕೊಳ್ಳಿ. ನಿಂತ ಗಾಡಿಯಲ್ಲಿ ಬಾಗಿಲು ತೆರೆದಾಗಲೇ ಮೇಲಿನ ಹಿಂಜನ್ನು 62 ಕೆಜಿಗಿಂತ ಹೆಚ್ಚಿನ ಬಲ ಎಳೆಯುತ್ತದೆ. ಗುಂಡಿಗೆ ಇಳಿದಾಗ ಅದು ಎಷ್ಟೋ ಪಟ್ಟು ಏರುತ್ತದೆ.

ಜಿಪ್ಸಿ ಕಿಂಗ್‌ಗೆ ಕಂಪೆನಿ ಕೊಟ್ಟ ಟಯರ್ 205/70 ಆರ್15, ಅದರ ವ್ಯಾಸ ಸುಮಾರು 668 ಮಿಮೀ. ನಿಮ್ಮ 235/75 ಆರ್15 ಟಯರಿನದ್ದು ಸುಮಾರು 733 ಮಿಮೀ. 65 ಮಿಮೀ ದೊಡ್ಡದು, 30 ಮಿಮೀ ಅಗಲ, ಹಾಗಾಗಿ ಭಾರವೂ ಹೆಚ್ಚು, ಬಾಗಿಲಿನಿಂದ ಹೊರಗೆ ಚಾಚುವುದೂ ಹೆಚ್ಚು. ಎಷ್ಟು ಹೆಚ್ಚು ಎಂದು ಊಹಿಸುವುದು ಬೇಡ. ಅಡಿಕೆ ತೂಗುವ ಯಂತ್ರ ಮನೆಯಲ್ಲೇ ಇರುತ್ತದಲ್ಲ, ಸ್ಟೆಪ್ನಿ ಬಿಚ್ಚಿ ಅದರ ಮೇಲಿಟ್ಟು ನೋಡಿ. ಹತ್ತಿರದಲ್ಲಿ ಯಾರದಾದರೂ ಜಿಪ್ಸಿಯ ಮೂಲ ಅಳತೆಯ ಸ್ಟೆಪ್ನಿ ಸಿಕ್ಕಿದರೆ ಅದನ್ನೂ ತೂಗಿ. ಆ ವ್ಯತ್ಯಾಸವೇ ನಿಮ್ಮ ಹಿಂಜ್ ಹೊರುತ್ತಿರುವ ಹೆಚ್ಚುವರಿ ಹೊರೆ.

ಹಾಗೆಂದು ಎಲ್ಲ ದೋಷವನ್ನೂ ಸ್ಟೆಪ್ನಿಯ ಮೇಲೆ ಹಾಕುವುದೂ ಸರಿಯಲ್ಲ. ಬಾಗಿಲು ಮುಚ್ಚಿರುವಾಗ ಹಿಂಜ್ ಒಂಟಿಯಲ್ಲ. ಲಾಕ್, ಸ್ಟ್ರೈಕರ್, ಬಾಗಿಲ ಅಂಚಿನ ರಬ್ಬರ್ ಬಫರ್, ಸುತ್ತಲಿನ ರಬ್ಬರ್ ಪಟ್ಟಿ ಅಂದರೆ ಬೀಡಿಂಗ್ ಇವೆಲ್ಲ ಭಾರವನ್ನು ಹಂಚಿಕೊಳ್ಳುತ್ತವೆ. ಬಫರ್ ಉದುರಿ ಹೋಗಿದ್ದರೆ, ಬೀಡಿಂಗ್ ಚಪ್ಪಟೆಯಾಗಿದ್ದರೆ ಬಾಗಿಲು ಮುಚ್ಚಿದ ಸ್ಥಿತಿಯಲ್ಲೂ ಅಲ್ಲಾಡುತ್ತದೆ, ಪ್ರತಿ ಗುಂಡಿಯಲ್ಲೂ ಪಿನ್ನಿಗೆ ಪೆಟ್ಟು ಬೀಳುತ್ತದೆ. ನೀವು ಕೇಳುವ ಕಟಕಟ ಶಬ್ದ ಈ ಪೆಟ್ಟಿನದ್ದೇ. ಸಣ್ಣದೊಂದು ರಬ್ಬರ್ ಇಲ್ಲದೆ ಹಿಂಜ್ ಸವೆದ ಗಾಡಿಗಳು ನಮ್ಮ ಕಡೆಯ ವರ್ಕ್‌ಶಾಪುಗಳಿಗೆ ಬರುತ್ತಲೇ ಇರುತ್ತವೆ.

ನಮ್ಮ ಊರಿನ ಹವೆಯೂ ಸೇರಿಕೊಳ್ಳುತ್ತದೆ. ಮುರಕಲ್ಲಿನ ಕೆಂಪು ಧೂಳು ಎಣ್ಣೆಯೊಡನೆ ಬೆರೆತು ಪಿನ್ನಿನ ಸುತ್ತ ಕೂತರೆ ಅದು ಕಬ್ಬಿಣವನ್ನು ಉಜ್ಜುವ ಪೇಸ್ಟೇ ಆಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಆ ಜಾಗ ಒಣಗುವುದೇ ಇಲ್ಲ. ಕುಂಬಳೆ, ಉಪ್ಪಳ ಕಡೆಯವರಿಗೆ ಇದರ ಮೇಲೆ ಕಡಲ ಉಪ್ಪುಗಾಳಿಯೂ ಇದೆ. ತೋಟದವರಿಗೆ ಇನ್ನೊಂದು ಶತ್ರು ಮೈಲುತುತ್ತು (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಕತ್ತಿಯನ್ನು ಅದ್ದಿ, ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದು ನೋಡುತ್ತೀರಲ್ಲ, ಅಲ್ಲಿ ತಾಮ್ರ ಕೂರುವಷ್ಟೇ ಹೊತ್ತಿಗೆ ಕಬ್ಬಿಣ ಕರಗಿ ಹೋಗುತ್ತಿರುತ್ತದೆ. ತುತ್ತಿನ ನೀರು ತುಂಬಿದ ಡ್ರಮ್ ಅಥವಾ ತೊಳೆಯದ ಪಂಪ್ ಜಿಪ್ಸಿಯ ಹಿಂದೆ ಸೋರಿದರೆ ಅದೇ ಕ್ರಿಯೆ ನೆಲದ ಅಂಚಿನಲ್ಲಿ, ಬಾಗಿಲಿನ ತಳದಲ್ಲಿ, ಕೆಳಗಿನ ಹಿಂಜಿನ ಎಲೆಯಲ್ಲಿ ನಡೆಯುತ್ತದೆ. ನೀವು ಮೇಲಿನ ಹಿಂಜ್ ಮಾತ್ರ ಸವೆದಿದೆ ಎನ್ನುತ್ತೀರಿ. ಕೆಳಗಿನದ್ದರ ಬೋಲ್ಟ್ ತಲೆಗಳ ಸುತ್ತ ಹಸಿರು ಅಥವಾ ತಾಮ್ರದ ಛಾಯೆ ಇದೆಯೇ ಎಂದು ಒಮ್ಮೆ ಬಗ್ಗಿ ನೋಡಿ.

ಪರೀಕ್ಷೆ ಮಾಡುವ ಬಗೆ

ಗಾಡಿ ಸಮತಟ್ಟು ಜಾಗದಲ್ಲಿರಲಿ. ಬಾಗಿಲನ್ನು ಒಂದು ಗೇಣು ತೆರೆಯಿರಿ. ಒಬ್ಬರು ಲಾಕಿನ ಬದಿಯ ತಳವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಲಿ, ಬಿಡಲಿ, ಮತ್ತೆ ಎತ್ತಲಿ. ಇನ್ನೊಬ್ಬರು ಹಿಂಜಿನ ಹತ್ತಿರ ಕೂತು ಬೆರಳ ತುದಿಯನ್ನು ಕ್ರಮವಾಗಿ ಮೂರು ಕಡೆ ಇಡಲಿ. ಎತ್ತುವಾಗ ಪಿನ್ ಇರುವ ಗೆಣ್ಣಿನಲ್ಲಿ, ಎರಡು ಎಲೆಗಳ ನಡುವೆ ಚಲನೆ ತಿಳಿದರೆ ಅದು ಪಿನ್ ಸವೆತ. ಹಿಂಜಿನ ಎಲೆಗೂ ಬಾಡಿಗೂ ನಡುವೆ ಚಲನೆ ಇದ್ದರೆ, ಬಣ್ಣ ಒಡೆದ ಗೆರೆಯಿಂದ ಕಂದು ನೀರು ಇಳಿದ ಗುರುತು ಇದ್ದರೆ, ಬೋಲ್ಟ್ ಸಡಿಲ. ಹಿಂಜ್ ಮತ್ತು ತಗಡು ಎರಡೂ ಒಟ್ಟಿಗೆ ಉಸಿರಾಡಿದಂತೆ ಒಳಗೆ ಹೊರಗೆ ಆದರೆ ಕಂಬದ ತಗಡೇ ಹೋಗಿದೆ. ಬಾಗಿಲಿನ ಬದಿಯ ಎಲೆಯಲ್ಲೂ ಇದೇ ಪರೀಕ್ಷೆ. ಸ್ಟೆಪ್ನಿ ಹಿಡಿಯುವ ಬ್ರ್ಯಾಕೆಟ್ಟಿನ ಸುತ್ತ ಬಾಗಿಲಿನ ತಗಡಿನಲ್ಲಿ ಕೂದಲೆಳೆಯ ಸೀಳು ಇದೆಯೇ ಎಂದು ಟಾರ್ಚ್ ಓರೆಯಾಗಿ ಹಿಡಿದು ನೋಡಿ.

ಎತ್ತುವಾಗ ಲಾಕಿನ ತುದಿ ಎಷ್ಟು ಮೇಲೆ ಬರುತ್ತದೆ ಎಂಬುದನ್ನು ಸ್ಕೇಲ್ ಹಿಡಿದು ಅಳೆಯಿರಿ. ಪಿನ್ನಿನಲ್ಲಿರುವ ಸಣ್ಣ ಸಡಿಲು ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಬಾಗಿಲು 90 ಸೆಂಮೀ ಅಗಲ, ಹಿಂಜುಗಳ ನಡುವೆ 40 ಸೆಂಮೀ ಇದ್ದರೆ ಮೇಲಿನ ಪಿನ್ನಿನ 1 ಮಿಮೀ ಸಡಿಲು ತುದಿಯಲ್ಲಿ 2 ಮಿಮೀಗಿಂತ ಹೆಚ್ಚು ಇಳಿತವಾಗುತ್ತದೆ. ತುದಿಯಲ್ಲಿ ಒಂದೆರಡು ಮಿಮೀ ಇದ್ದರೆ ಹಿಂಜ್ ಬದಲಿಸುವ ಅಗತ್ಯವಿಲ್ಲ, ಹೊಂದಾಣಿಕೆ ಸಾಕು. ಐದು ಮಿಮೀ ದಾಟಿದ್ದರೆ, ಅದು ಪಿನ್ನಿನಿಂದಲೇ ಬರುತ್ತಿದ್ದರೆ, ಬದಲಿಸಿ. ಸ್ಟೆಪ್ನಿ ಬಿಚ್ಚಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಸ್ಟೆಪ್ನಿ ತೆಗೆದ ಕೂಡಲೇ ಬಾಗಿಲು ತಾನಾಗಿ ಮೇಲೆದ್ದು, ಎತ್ತಿದರೂ ಹಿಂಜಿನಲ್ಲಿ ಏನೂ ಸಡಿಲು ಇಲ್ಲದಿದ್ದರೆ ಹಿಂಜಿನ ಮೇಲಿನ ಸಂಶಯ ಬಿಟ್ಟು ಬಾಗಿಲಿನ ಅಥವಾ ಕಂಬದ ತಗಡನ್ನು ನೋಡಬೇಕು. ಭಾರಕ್ಕೆ ಬಳುಕುತ್ತಿರುವುದು ಅದು.

ಕೇಳಿಬರುವ ಪರಿಹಾರಗಳ ಬಗ್ಗೆ

ಸ್ಟ್ರೈಕರ್ ಇಳಿಸುವುದು ಪರಿಹಾರವಲ್ಲ, ಮುಚ್ಚಿಡುವ ಉಪಾಯ. ಇಳಿದ ಬಾಗಿಲಿಗೆ ಸರಿಯಾಗಿ ಸ್ಟ್ರೈಕರನ್ನೂ ಇಳಿಸಿದರೆ ಲಾಕ್ ಬೀಳುತ್ತದೆ ನಿಜ. ಆದರೆ ಮೇಲಿನ ಹಿಂಜಿನ ಬದಿಯ ಬೀಡಿಂಗಿಗೆ ಒತ್ತಡ ಸಿಗುವುದಿಲ್ಲ, ಧೂಳು ಅಲ್ಲಿಂದಲೇ ಬರುತ್ತದೆ. ಪಿನ್ ಸವೆಯುತ್ತಲೇ ಇರುವುದರಿಂದ ಕೆಲವು ದಿನಗಳಲ್ಲಿ ಮತ್ತೆ ಇಳಿಸಬೇಕಾಗುತ್ತದೆ. ನಿಮಗೆ ಆದದ್ದೂ ಅದೇ.

ವೆಲ್ಡಿಂಗ್ ವಿಷಯದಲ್ಲಿ ಖಂಡಿತವಾಗಿ ಬೇಡ ಎನ್ನುತ್ತೇನೆ. ಹಿಂಜಿನ ಎಲೆಯನ್ನು ಕಂಬಕ್ಕೆ ಬೆಸೆದರೆ ಮುಂದೆ ಹೊಂದಿಸಲು ದಾರಿಯೇ ಇರುವುದಿಲ್ಲ, ಬೆಸುಗೆಯ ಪಕ್ಕದ ತೆಳು ತಗಡು ಬಿಸಿಗೆ ಬಲ ಕಳೆದುಕೊಂಡು ಅಲ್ಲಿಯೇ ಸೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಹಿಂಬದಿಯ ನೆಲದಡಿಯಲ್ಲಿದೆ. ಅಂಗಳದಲ್ಲಿ ಕಿಡಿ ಹಾರಿಸುವ ಕೆಲಸವಲ್ಲ ಇದು. ಗ್ರೀಸ್, ಎಣ್ಣೆ ಶಬ್ದವನ್ನು ನಿಲ್ಲಿಸುತ್ತದೆ, ಸವೆದ ಲೋಹವನ್ನು ಮರಳಿ ತರುವುದಿಲ್ಲ. ಬಾಗಿಲಿನಡಿ ಜ್ಯಾಕ್ ಕೊಟ್ಟು ಎತ್ತಿ ಬಗ್ಗಿಸುವ ಪದ್ಧತಿಯೂ ಇದೆ. ಗುದ್ದಿ ಹಿಂಜಿನ ಎಲೆ ಬಾಗಿದ್ದರೆ ಅದು ಕೆಲವೊಮ್ಮೆ ಕೆಲಸ ಕೊಡುತ್ತದೆ, ಸವೆದ ಪಿನ್ನಿಗೆ ಮಾಡಿದರೆ ಬಾಗುವುದು ಕಂಬ.

ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ತುಕ್ಕಿನ ತಲೆನೋವೇ ಇಲ್ಲ ಎಂಬ ಮಾತೂ ಬಹಳ ಚಾಲ್ತಿಯಲ್ಲಿದೆ. ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟ್ 450 ಮೆಗಾಪಾಸ್ಕಲ್ ಒತ್ತಡಕ್ಕೆ ಶಾಶ್ವತವಾಗಿ ಹಿಗ್ಗತೊಡಗುತ್ತದೆ, 8.8 ಗ್ರೇಡಿನ ಉಕ್ಕಿನದ್ದು 640ರವರೆಗೆ ತಾಳುತ್ತದೆ. ಅದಲ್ಲದೆ ಸ್ಟೇನ್‌ಲೆಸ್ ತಾನು ಉಳಿದುಕೊಂಡು ಪಕ್ಕದ ಸಾದಾ ಉಕ್ಕಿನ ನಟ್ಟನ್ನು ಬೇಗ ತುಕ್ಕು ಹಿಡಿಸುತ್ತದೆ. ತಲೆಯ ಮೇಲೆ 8.8 ಎಂದು ಒತ್ತಿರುವ ಜಿಂಕ್ ಲೇಪದ ಬೋಲ್ಟೇ ಇಲ್ಲಿಗೆ ಸರಿ.

ನಿಮ್ಮ ಮುಂದಿರುವ ದಾರಿಗಳು

ಬೋಲ್ಟ್ ಮಾತ್ರ ಸಡಿಲಾಗಿದ್ದರೆ ಸ್ಟೆಪ್ನಿ ಇಳಿಸಿ, ಬಾಗಿಲನ್ನು ಎತ್ತಿ ಹಿಡಿದು ಬಿಗಿ ಮಾಡಿದರೆ ಮುಗಿಯಿತು. ಪಿನ್ ಸವೆದು ಎಲೆಗಳು ದಪ್ಪಗೆ ಗಟ್ಟಿಯಾಗಿದ್ದರೆ ಲೇತಿನವರ ಹತ್ತಿರ ಹಳೆ ಪಿನ್ ತೆಗೆಸಿ, ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿಸಿ ಗನ್‌ಮೆಟಲ್ ಬುಶ್ ಕೂರಿಸಿ, ಇಎನ್8 ಉಕ್ಕಿನ ಹೊಸ ಪಿನ್ ಮಾಡಿಸಬಹುದು. ಚೆನ್ನಾಗಿ ಮಾಡಿದರೆ ಇದು ಹೊಸ ಹಿಂಜಿನಷ್ಟೇ ಬಾಳಿಕೆ ಬರುತ್ತದೆ, ಬಿಡಿಭಾಗ ಸಿಗದ ಹಳೆಯ ಗಾಡಿಗೆ ಇದೇ ಉತ್ತಮ. ಆದರೆ ಎರಡು ರಂಧ್ರಗಳೂ ಒಂದೇ ಸಾಲಿನಲ್ಲಿ ಬರಬೇಕು. ಕೈ ಡ್ರಿಲ್ಲಿನಲ್ಲಿ ಮಾಡಿದರೆ ಪಿನ್ ಓರೆಯಾಗಿ ಬಾಗಿಲು ಗಡುಸಾಗುತ್ತದೆ. ತಗಡು ಸುರುಳಿ ಸುತ್ತಿ ಮಾಡಿದ ಗೆಣ್ಣಿನ ಹಿಂಜಿಗೆ ಬುಶ್ ಕೂರಿಸಲು ಬೇಕಾದ ದಪ್ಪವೇ ಇರುವುದಿಲ್ಲ, ಅಂಥದ್ದಕ್ಕೆ ಹೊಸದೇ ಗತಿ.

ಜಿಪ್ಸಿ ತಯಾರಿ ನಿಂತು ವರ್ಷಗಳಾದರೂ ಸೇನೆ, ಪೊಲೀಸ್, ರ‍್ಯಾಲಿಯವರ ಬಳಿ ಸಾವಿರಾರು ಗಾಡಿ ಓಡುತ್ತಿರುವುದರಿಂದ ಭಾಗಗಳಿಗೆ ಬೇಡಿಕೆ ಇದೆ. ಕಾಸರಗೋಡು, ಪುತ್ತೂರು, ಮಂಗಳೂರಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸುವಾಗ ಹಳೆಯ ಹಿಂಜಿನ ಫೋಟೊ ಮತ್ತು ಬೋಲ್ಟ್ ರಂಧ್ರಗಳ ನಡುವಿನ ಅಳತೆ ಕೈಯಲ್ಲಿರಲಿ. ಮೇಲಿನದ್ದು ಕೆಳಗಿನದ್ದು ಬೇರೆ ಬೇರೆ ಇರಬಹುದು. ಕಂಪೆನಿಯದ್ದಾಗಲಿ ಬೇರೆ ತಯಾರಿಕೆಯದ್ದಾಗಲಿ, ಅಂಗಡಿಯಲ್ಲೇ ಒಂದು ಎಲೆಯನ್ನು ಮೇಜಿನ ಮೇಲೆ ಒತ್ತಿ ಹಿಡಿದು ಇನ್ನೊಂದನ್ನು ಪಿನ್ನಿಗೆ ಅಡ್ಡಲಾಗಿ ಅಲ್ಲಾಡಿಸಿ. ಹೊಸದರಲ್ಲೇ ಲಟಪಟ ಎಂದರೆ ಬೇಡ. ಗುಜರಿಯ ಹಿಂಜ್ ತೆಗೆದುಕೊಳ್ಳುವುದಾದರೆ ಸ್ಟೆಪ್ನಿ ಹೊತ್ತ ಬಾಗಿಲಿನದ್ದು ಎಂಬುದನ್ನು ಮರೆಯಬೇಡಿ, ಅದೂ ನಿಮ್ಮದರಷ್ಟೇ ಸವೆದಿರುತ್ತದೆ.

ಕಂಬದ ತಗಡು ಸೀಳಿದ್ದರೆ ಅದು ಟಿಂಕರಿಂಗ್, ಅಂದರೆ ಬಾಡಿಯ ತಗಡು ಸರಿಮಾಡುವ ಕೆಲಸ. ಟ್ಯಾಂಕ್ ಇಳಿಸಿ, ಬ್ಯಾಟರಿ ಬಿಚ್ಚಿ, ಒಳಗಿನಿಂದ ಪ್ಲೇಟ್ ಕೊಟ್ಟು ಬೆಸೆಯುವವರ ಬಳಿಗೇ ಹೋಗಬೇಕು.

ಕೆಲಸಕ್ಕೆ ಇಳಿಯುವ ಮೊದಲು

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿದರೆ ಒಳ್ಳೆಯದು. ಪ್ರೈಮರ್ ಒಣಗಲು ಒಣ ಹವೆ ಬೇಕು.

ಬೇಕಾದವು ಇಷ್ಟು: ಹಿಂಜ್ ಜೋಡಿ, ಹಳೆಯ ಬೋಲ್ಟಿನ ಅಳತೆಯ 8.8 ಗ್ರೇಡಿನ ಹೊಸ ಬೋಲ್ಟುಗಳು ಮತ್ತು ಎರಡು ಹೆಚ್ಚುವರಿ, ತುಕ್ಕು ಸಡಿಲಿಸುವ ಸ್ಪ್ರೇ ಒಂದು ಕ್ಯಾನ್, ಸಾಕೆಟ್ ಸೆಟ್, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್, ವೈರ್ ಬ್ರಷ್, ನಟ್ಟಿನೊಳಗಿನ ಎಳೆ ಶುಚಿಮಾಡಲು ಬೋಲ್ಟಿನ ಎಳೆಗೆ ಹೊಂದುವ ಟ್ಯಾಪ್, ಎಪಾಕ್ಸಿ ಅಥವಾ ಜಿಂಕ್ ಪ್ರೈಮರ್, ಸಂದಿಗೆ ನೀರು ಹೋಗದಂತೆ ಹಚ್ಚುವ ಸೀಮ್ ಸೀಲರ್, ಮಾಸ್ಕಿಂಗ್ ಟೇಪ್, ಒಂದು ಜ್ಯಾಕ್, ಅದರ ಮೇಲಿಡಲು ಮರದ ತುಂಡು ಮತ್ತು ಮಡಚಿದ ಗೋಣಿ. ಬೋಲ್ಟ್ ಎಂ8 (8 ಮಿಮೀ ದಪ್ಪ) ಆಗಿದ್ದರೆ ಎಳೆಯ ಅಂತರ ಸಾಮಾನ್ಯವಾಗಿ 1.25 ಮಿಮೀ. ಊಹೆಯ ಮೇಲೆ ತರಬೇಡಿ, ಒಂದು ಬೋಲ್ಟ್ ಬಿಚ್ಚಿ ಅಂಗಡಿಯ ನಟ್ಟಿಗೆ ಹಾಕಿ ನೋಡಿಯೇ ತನ್ನಿ. ತಲೆ ಪ್ಲಸ್ ಗುರುತಿನದಾಗಿದ್ದರೆ ಅದು ಜಪಾನಿನ ಜೆಐಎಸ್ ಮಾದರಿಯದ್ದಾಗಿರುವ ಸಾಧ್ಯತೆ ಹೆಚ್ಚು. ಸಾಮಾನ್ಯ ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಬೋಳಿಸುತ್ತದೆ. ಜೆಐಎಸ್ ಬಿಟ್ ಕೇಳಿ ತೆಗೆದುಕೊಳ್ಳಿ.

ಎರಡು ದಿನ ಮೊದಲಿನಿಂದ ಬೆಳಗ್ಗೆ ಸಂಜೆ ಬೋಲ್ಟುಗಳಿಗೆ ಸ್ಪ್ರೇ ಹೊಡೆಯಿರಿ. ಹೊರಗಿನ ತಲೆಗಿಂತ ಒಳಗಿನ ನಟ್ಟಿನ ಕಡೆಯಿಂದ ಹೊಡೆದದ್ದು ಹೆಚ್ಚು ಕೆಲಸ ಮಾಡುತ್ತದೆ, ಒಳಗಿನ ಹೊದಿಕೆ ತೆಗೆದರೆ ಕೆಲವು ನಟ್ಟುಗಳು ಕಾಣಸಿಗುತ್ತವೆ.

ಬಿಚ್ಚುವುದು

ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ. ಸ್ಟೆಪ್ನಿ ಇಳಿಸಿ. ಬಾಗಿಲಿಗೆ ದೀಪದ ಅಥವಾ ವೈಪರಿನ ವೈರ್ ಹೋಗಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಾಗಿಲು ಒಂದೆರಡು ಇಂಚು ಸರಿದರೂ ವೈರ್ ಎಳೆಯದಷ್ಟು ಸಡಿಲು ಇದೆಯೇ ನೋಡಿ. ಈಗ ಹಿಂಜಿನ ಎಲೆಗಳ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚಿಗೆ ತಾಗಿ ಪೆನ್ನಿನಿಂದ ಗೆರೆ ಎಳೆಯಿರಿ. ಫೋಟೊ ತೆಗೆದಿಟ್ಟುಕೊಳ್ಳಿ. ಬಾಗಿಲಿನ ಸುತ್ತಲಿನ ಸಂದು ಎಲ್ಲೆಲ್ಲಿ ಎಷ್ಟಿದೆ ಎಂಬುದನ್ನು ಡ್ರಿಲ್ ಬಿಟ್ಟುಗಳ ಹಿಂಬದಿಯ ಕಾಂಡವನ್ನು ತೂರಿಸಿ ಅಳೆಯಬಹುದು. 4 ಮಿಮೀ ಬಿಟ್ ಹೋಗುತ್ತದೆ, 5 ಹೋಗುವುದಿಲ್ಲ ಎಂದರೆ ಸಂದು ನಾಲ್ಕೂವರೆಯ ಆಸುಪಾಸು. ಟೇಪಿನ ಮೇಲೆ ಬರೆದಿಡಿ.

ಬಾಗಿಲನ್ನು ಮುಚ್ಚಿ, ಲಾಕ್ ಬೀಳಿಸಿ, ತಳಕ್ಕೆ ಮರದ ತುಂಡು ಮತ್ತು ಗೋಣಿ ಇಟ್ಟು ಜ್ಯಾಕ್ ಕೊಡಿ. ಭಾರ ಹೊತ್ತಿತು ಎಂಬಷ್ಟು ಮಾತ್ರ, ಅದಕ್ಕಿಂತ ಹೆಚ್ಚು ಎತ್ತಬಾರದು. ಲಾಕ್ ಒಂದು ಬದಿಯನ್ನು, ಜ್ಯಾಕ್ ತಳವನ್ನು ಹಿಡಿದಿರುತ್ತದೆ. ಬೋಲ್ಟುಗಳು ಬಾಗಿಲು ತೆರೆದರೆ ಮಾತ್ರ ಸಿಗುವಂತಿದ್ದರೆ ಕೆಲಸಕ್ಕೆ ಮೂರನೆಯವರು ಬೇಕು, ಒಬ್ಬರು ಬಾಗಿಲನ್ನು ಬಿಡದೆ ಹಿಡಿದಿರಬೇಕು.

ಈ ಇಡೀ ಕೆಲಸದ ಜೀವಾಳ ಒಂದು ನಿಯಮದಲ್ಲಿದೆ: ಎರಡು ಹಿಂಜುಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ಬದಲಿಸಿ ಬಿಗಿ ಮಾಡಿದ ನಂತರವೇ ಇನ್ನೊಂದಕ್ಕೆ ಕೈ ಹಾಕಿ. ಬಿಚ್ಚದೆ ಉಳಿದ ಹಿಂಜ್ ಬಾಗಿಲಿನ ಜಾಗವನ್ನು ನಿಮಗಾಗಿ ಕಾಯ್ದಿಡುತ್ತದೆ. ಎರಡನ್ನೂ ತೆಗೆದವರಿಗೆ ಮತ್ತೆ ಸಂದು ಹೊಂದಿಸಲು ಅರ್ಧ ದಿನ ಬೇಕಾಗುತ್ತದೆ. ಮೊದಲು ಕೆಳಗಿನದ್ದು, ಆಮೇಲೆ ಮೇಲಿನದ್ದು. ಕೆಳಗಿನದ್ದು ಬಿಚ್ಚಿದಾಗ ಹೊರಗೆ ಎಳೆಯುವ ಬಲವನ್ನು ಮೇಲಿನದ್ದು ಹಿಡಿದಿರುತ್ತದೆ, ಬಾಗಿಲು ಮೇಲ್ಭಾಗದಲ್ಲಿ ಹೊರಗೆ ವಾಲುವುದಿಲ್ಲ.

ಬೋಲ್ಟ್ ಬಿಚ್ಚುವಾಗ ಅವಸರ ಬೇಡ. ಸಾಕೆಟ್ ಹಾಕಿ ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲಷ್ಟು ತಿರುಗಿಸಿ, ಟಕ್ ಎಂದು ತುಕ್ಕು ಬಿಟ್ಟ ಶಬ್ದ ಬಂದ ಮೇಲೆ ಹಿಂದಕ್ಕೆ ತಿರುಗಿಸಿ. ಕಾಲು ಸುತ್ತು ಬಂದು ಬಿಗಿಯಾದರೆ ಮತ್ತೆ ಮುಂದಕ್ಕೆ ತಿರುಗಿಸಿ, ಸ್ಪ್ರೇ ಹೊಡೆದು ಮತ್ತೆ ಹಿಂದಕ್ಕೆ. ಬಲ ಹಾಕಿ ಒಂದೇ ಎಳೆತಕ್ಕೆ ತೆಗೆಯಲು ಹೋದರೆ ಬೋಲ್ಟ್ ತುಂಡಾಗುತ್ತದೆ. ಪ್ಲಸ್ ತಲೆಗೆ ಇಂಪ್ಯಾಕ್ಟ್ ಡ್ರೈವರನ್ನು ನೇರವಾಗಿ ಹಿಡಿದು ಭಾರದ ಸುತ್ತಿಗೆಯಲ್ಲಿ ಒಂದೇ ಪೆಟ್ಟು, ಸಣ್ಣ ಸುತ್ತಿಗೆಯ ಹತ್ತು ಪೆಟ್ಟಿಗಿಂತ ಅದು ಮೇಲು. ತಲೆ ಬೋಳಾದರೆ ಬೋಲ್ಟಿನ ನಡುವಿಗೆ ಪಂಚ್ ಹಾಕಿ, ಸಣ್ಣ ಬಿಟ್ಟಿನಿಂದ ಶುರುಮಾಡಿ ತಲೆಯನ್ನು ಕೊರೆದು ಬೀಳಿಸಿ. ಹಿಂಜ್ ತೆಗೆದ ಮೇಲೆ ಉಳಿದ ಕಾಂಡವನ್ನು ಇಕ್ಕಳದಲ್ಲಿ ತಿರುಗಿಸಬಹುದು. ಗ್ಯಾಸ್ ಟಾರ್ಚಿನ ಬೆಂಕಿ ಮಾತ್ರ ಇಲ್ಲಿ ಬೇಡ. ಬೀಡಿಂಗ್, ಬಣ್ಣ ಸುಡುವುದು ಒಂದು ಕಡೆ, ಪೆಟ್ರೋಲ್ ಟ್ಯಾಂಕ್ ಹತ್ತಿರವಿರುವುದು ಇನ್ನೊಂದು ಕಡೆ.

ಅನುಭವವಿಲ್ಲದವರನ್ನು ಹೆಚ್ಚು ಸತಾಯಿಸುವುದು ಕಂಬದೊಳಗಿನ ನಟ್ ಪ್ಲೇಟ್. ಅನೇಕ ಗಾಡಿಗಳಲ್ಲಿ ಹಿಂಜಿನ ಬೋಲ್ಟುಗಳು ತಗಡಿಗೆ ಬೆಸೆದ ನಟ್ಟಿಗೆ ಹೋಗುವುದಿಲ್ಲ, ಕಂಬದೊಳಗೆ ಸಡಿಲವಾಗಿ ಕೂತ ದಪ್ಪ ಪ್ಲೇಟಿಗೆ ಹೋಗುತ್ತವೆ. ಹಿಂಜನ್ನು ಅತ್ತಿತ್ತ ಸರಿಸಲು ಆಗಲಿ ಎಂದೇ ಹಾಗೆ ಮಾಡಿರುತ್ತಾರೆ. ಅದನ್ನು ಹಿಡಿದಿಡುವ ತೆಳು ತಗಡಿನ ಪಟ್ಟಿ ತುಕ್ಕು ತಿಂದಿದ್ದರೆ, ಕೊನೆಯ ಬೋಲ್ಟ್ ಬಿಚ್ಚಿದ ಕ್ಷಣ ಪ್ಲೇಟ್ ಕಂಬದೊಳಗೆ ಬಿದ್ದು ಠಣ್ ಎನ್ನುತ್ತದೆ. ಅದನ್ನು ಮತ್ತೆ ಮೇಲೆ ತರಲು ಒಳಗಿನ ತಗಡು ಕತ್ತರಿಸಬೇಕಾದೀತು. ಹೀಗೆ ಮಾಡಿ: ಒಂದು ಬೋಲ್ಟ್ ಬಿಚ್ಚಿದ ಕೂಡಲೇ ಅದೇ ರಂಧ್ರಕ್ಕೆ ಅದೇ ಎಳೆಯ, ತಲೆಯಿಲ್ಲದ ಉದ್ದನೆಯ ಸ್ಟಡ್ ಒಂದನ್ನು ಕೈಯಲ್ಲೇ ಐದಾರು ಸುತ್ತು ತಿರುಗಿಸಿ ಒಳಗೆ ಬಿಡಿ, ಹೊರಗುಳಿದ ತುದಿಗೆ ದಾರ ಕಟ್ಟಿ. ಉಳಿದ ಬೋಲ್ಟ್ ತೆಗೆದು ಹಳೆಯ ಹಿಂಜನ್ನು ಸ್ಟಡ್ಡಿನ ಮೇಲಿನಿಂದ ಜಾರಿಸಿ ತೆಗೆಯಿರಿ, ಹೊಸದನ್ನು ಅದೇ ಸ್ಟಡ್ಡಿನ ಮೇಲಿನಿಂದ ಒಳಗೆ ಕೊಡಿ. ಬೇರೆ ಬೋಲ್ಟ್ ಹಿಡಿದ ಮೇಲೆ ಕೊನೆಗೆ ಸ್ಟಡ್ ತೆಗೆದರಾಯಿತು.

ಕೂರಿಸುವುದು

ಹಳೆಯ ಹಿಂಜ್ ಬಂದ ಮೇಲೆ ಅದರಡಿಯ ಜಾಗವನ್ನು ಕಣ್ಣಿಟ್ಟು ನೋಡಿ. ಪದರ ಪದರವಾಗಿ ಏಳುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಹಿಂಜನ್ನು ಮೇಲೆತ್ತುವ ಬಲ ಅದಕ್ಕಿದೆ. ಅದನ್ನು ಪೂರ್ತಿ ಕೆರೆದು, ವೈರ್ ಬ್ರಷ್ ಹೊಡೆದು ಹೊಳೆಯುವ ಲೋಹ ಕಾಣಿಸಬೇಕು. ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿದಾಗ ತಗಡು ಒಳಗೆ ಹೋದರೆ ಅಲ್ಲಿಗೆ ನಿಲ್ಲಿಸಿ, ಹಳೆಯದನ್ನೇ ಮರಳಿ ಹಾಕಿ ಟಿಂಕರಿಂಗ್‌ನವರ ಬಳಿ ಹೋಗಿ. ಗಟ್ಟಿಯಿದ್ದರೆ ಪ್ರೈಮರ್ ಕೊಟ್ಟು ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ. ಹಸಿ ಪ್ರೈಮರಿನ ಮೇಲೆ ಹಿಂಜ್ ಬಿಗಿದರೆ ಅದು ಹಿಂಡಿ ಹೋಗಿ ಬೋಲ್ಟ್ ತಾನಾಗಿ ಸಡಿಲಾಗುತ್ತದೆ. ನಟ್ಟಿನ ಎಳೆಗಳಲ್ಲಿ ಟ್ಯಾಪನ್ನು ಕೈಯಲ್ಲೇ ಓಡಿಸಿ ಹಳೆಯ ತುಕ್ಕು ತೆಗೆಯಿರಿ.

ಹಿಂಜಿನ ಎಲೆಯ ಹಿಂಬದಿಗೆ ಸೀಮ್ ಸೀಲರನ್ನು ಅಂಚಿನ ಸುತ್ತ ತೆಳುವಾಗಿ ಕೊಡಿ, ಕೆಳ ಅಂಚಿನಲ್ಲಿ ಒಂದು ಬೆರಳಷ್ಟು ಜಾಗ ಬಿಡಿ. ನೀರು ಒಳಗೆ ಹೋದರೂ ಹೊರಗೆ ಬರಲು ದಾರಿ ಬೇಕು. ಬೋಲ್ಟುಗಳನ್ನು ಬೆರಳಿನಲ್ಲಿ ಹೋಗುವಷ್ಟು ಮಾತ್ರ ತಿರುಗಿಸಿ, ಟೇಪಿನ ಗೆರೆಗೆ ಹಿಂಜನ್ನು ಹೊಂದಿಸಿ. ಬೋಲ್ಟ್ ಸಡಿಲಾಗದಂತೆ ಎಳೆಗೆ ಹಚ್ಚುವ ಅಂಟು, ನೀಲಿ ಬಣ್ಣದ ಮಧ್ಯಮ ಥ್ರೆಡ್ ಲಾಕರ್, ಒಂದು ಹನಿ ಸಾಕು. ಎಳೆಗೆ ಗ್ರೀಸ್ ಹಚ್ಚಿ ಅದರ ಮೇಲೆ ಲಾಕರ್ ಹಾಕಿದರೆ ಎರಡೂ ವ್ಯರ್ಥ.

ಬಿಗಿ ಎಷ್ಟು? ಸರ್ವಿಸ್ ಮ್ಯಾನ್ಯುವಲಿನ ಅಂಕೆ ಸಿಕ್ಕಿದರೆ ಅದೇ ಅಂತಿಮ. ಇಲ್ಲದಿದ್ದರೆ ಎಂ8ರ 8.8 ಬೋಲ್ಟಿಗೆ ಸುಮಾರು 22ರಿಂದ 25 ನ್ಯೂಟನ್ ಮೀಟರ್, ಎಂ6 ಇದ್ದರೆ 10ರ ಆಸುಪಾಸು. ಟಾರ್ಕ್ ರೆಂಚ್ ಇಲ್ಲದವರು 20 ಸೆಂಮೀ ಉದ್ದದ ಸ್ಪ್ಯಾನರಿನ ತುದಿಯಲ್ಲಿ 12 ಕೆಜಿಯಷ್ಟು ಒತ್ತಿದರೆ ಹೆಚ್ಚುಕಡಿಮೆ ಎಂ8ರ ಲೆಕ್ಕಕ್ಕೆ ಬರುತ್ತದೆ. ಸ್ಪ್ಯಾನರಿಗೆ ಪೈಪ್ ತೂರಿಸಿ ಎಳೆಯುವವರು ನಟ್ ಪ್ಲೇಟಿನ ಎಳೆಯನ್ನು ಕಿತ್ತುಹಾಕುತ್ತಾರೆ. ಎಲ್ಲ ಬೋಲ್ಟುಗಳನ್ನೂ ಅರ್ಧ ಬಿಗಿ ಮಾಡಿ, ಆಮೇಲೆ ಮೂಲೆಯಿಂದ ಮೂಲೆಗೆ ಪೂರ್ತಿ ಬಿಗಿ ಮಾಡಿ.

ಎರಡನೆಯ ಹಿಂಜ್ ಹಾಕುವಾಗ, ಅಂತಿಮ ಬಿಗಿಗೆ ಮೊದಲು, ಜ್ಯಾಕಿನಿಂದ ಬಾಗಿಲಿನ ಲಾಕಿನ ತುದಿಯನ್ನು ಸರಿಯಾದ ಜಾಗಕ್ಕಿಂತ ಒಂದೆರಡು ಮಿಮೀ ಮೇಲೆ ನಿಲ್ಲಿಸಿ. ಈ ಹೊತ್ತಿಗೆ ಲಾಕ್ ಬಿಡಿಸಿರಬೇಕು ಅಥವಾ ಸ್ಟ್ರೈಕರ್ ಸಡಿಲ ಮಾಡಿರಬೇಕು, ಇಲ್ಲದಿದ್ದರೆ ಹಳೆಯ ಸ್ಟ್ರೈಕರ್ ಬಾಗಿಲನ್ನು ಹಳೆಯ ತಪ್ಪಿಗೇ ಎಳೆದು ಹಿಡಿಯುತ್ತದೆ. ಸ್ಟೆಪ್ನಿ ತೂಗಿದ ಮೇಲೆ ಬಾಗಿಲು ಆ ಒಂದೆರಡು ಮಿಮೀ ಇಳಿದು ಸಮಕ್ಕೆ ಬರುತ್ತದೆ. ನಿಮ್ಮ ಗಾಡಿಯಲ್ಲಿ ಮೆಕ್ಯಾನಿಕ್ ಸ್ಟ್ರೈಕರ್ ಇಳಿಸಿದ್ದಾರೆ, ಅದನ್ನು ಮರಳಿ ಏರಿಸಲೇಬೇಕು. ಸ್ಟ್ರೈಕರಿಗೆ ಸೀಮೆಸುಣ್ಣ ಹಚ್ಚಿ ಬಾಗಿಲು ಮೆಲ್ಲಗೆ ಮುಚ್ಚಿ ತೆರೆಯಿರಿ, ಸುಣ್ಣ ಅಳಿಸಿದ ಗುರುತು ನಡುವಿನಲ್ಲಿ ಬರುವವರೆಗೆ ಸರಿಸಿ ಬಿಗಿ ಮಾಡಿ.

ಬೀಡಿಂಗ್ ಪರೀಕ್ಷೆಗೆ ಒಂದು ಹಾಳೆ ಕಾಗದ ಸಾಕು. ಬಾಗಿಲಿನ ಸುತ್ತ ಒಂದೊಂದು ಕಡೆ ಕಾಗದ ಇಟ್ಟು ಮುಚ್ಚಿ ಎಳೆಯಿರಿ, ಎಲ್ಲ ಕಡೆಯೂ ಬಿಗಿಯಾಗಿ ಬರಬೇಕು. ಇದು ಧೂಳಿನ ಪ್ರಶ್ನೆ ಮಾತ್ರ ಅಲ್ಲ. ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಹೊಗೆ ಅಲ್ಲೇ ಸುಳಿಯುತ್ತಿರುತ್ತದೆ, ಸಂದು ಸಿಕ್ಕಿದರೆ ಸೈಲೆನ್ಸರಿನ ಹೊಗೆ ಒಳಗೆ ಸೇರುತ್ತದೆ. ಮಕ್ಕಳು ಹಿಂದೆ ಕೂರುವ ಗಾಡಿಯಾದರೆ ಬೀಡಿಂಗನ್ನು ಇದೇ ಸಂದರ್ಭದಲ್ಲಿ ಬದಲಿಸಿಬಿಡಿ, ರಬ್ಬರ್ ಬಫರ್ ಕೂಡ.

ಸುಮಾರು 100 ಕಿಮೀ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಥ್ರೆಡ್ ಲಾಕರ್ ಹಾಕಿದ್ದನ್ನು ಸುಮ್ಮನೆ ತಿರುಗಿಸಬೇಡಿ, ಬೋಲ್ಟ್ ತಲೆಯಿಂದ ಹಿಂಜಿನ ಮೇಲೆ ಒಂದು ಬಣ್ಣದ ಗೆರೆ ಎಳೆದಿಟ್ಟರೆ ಸರಿದದ್ದು ಕಣ್ಣಿಗೇ ಕಾಣುತ್ತದೆ.

ಮೇಲಿನದ್ದು ಒಂದೇ ಸಾಕೇ?

ಸಾಕಾಗುವುದಿಲ್ಲ. ಹೊಸ ಪಿನ್ನಿನ ಅಕ್ಷಕ್ಕೂ ಸವೆದ ಪಿನ್ನಿನ ಅಕ್ಷಕ್ಕೂ ಹೊಂದಾಣಿಕೆ ಇರುವುದಿಲ್ಲ. ಕೆಳಗಿನದ್ದು ಸಡಿಲಾಗಿ ಅಲ್ಲಾಡಿದಷ್ಟೂ ಹೊಸದು ಓರೆಯಾಗಿ ಸವೆಯುತ್ತದೆ. ಕೆಳಗಿನದ್ದನ್ನು ಪರೀಕ್ಷೆ ಮಾಡಿ ಸಡಿಲೇ ಇಲ್ಲ ಎಂದು ಖಾತ್ರಿಯಾದರೆ ಮಾತ್ರ ಉಳಿಸಿಕೊಳ್ಳಿ.

ಇನ್ನು ಸ್ಟೆಪ್ನಿ. ಹಿಂಜ್ ಹೊಸದಾದರೂ ಹೊರೆ ಹಳೆಯದೇ ಇದ್ದರೆ ಸವೆತ ಮತ್ತೆ ಶುರುವಾಗುತ್ತದೆ. ಬಾಗಿಲಿನ ಭಾರ ತಪ್ಪಿಸಲು ಬಂಪರಿಗೆ ಬೇರೆ ತಿರುಗುವ ಸ್ಟ್ಯಾಂಡ್ ಮಾಡಿಸುವವರಿದ್ದಾರೆ. ಯಂತ್ರದ ದೃಷ್ಟಿಯಿಂದ ಅದು ಒಳ್ಳೆಯ ಉಪಾಯ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲ, ಕೇರಳದಲ್ಲಿ ಇದರ ತಪಾಸಣೆಯೂ ಬಿಗಿಯಾಗಿದೆ. ಅಂಥ ಸ್ಟ್ಯಾಂಡ್ ಮಾಡಿಸುವ ಮೊದಲು ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ನಿಮ್ಮ ದೊಡ್ಡ ಟಯರಿಗೂ ಇದೇ ಮಾತು ಅನ್ವಯಿಸುತ್ತದೆ. 2008ರ ಗಾಡಿಯ ಮೊದಲ 15 ವರ್ಷದ ನೋಂದಣಿ ಮುಗಿದಿದೆ, ಮುಂದೆ ಐದೈದು ವರ್ಷಕ್ಕೆ ತಪಾಸಣೆಗೆ ಹೋಗಬೇಕಾದ ಗಾಡಿ ಇದು. ಅದೇ ಹಿಂಜನ್ನು ಅದೇ ಜಾಗದಲ್ಲಿ ಬದಲಿಸುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಡ. ಟಯರ್ ಸವೆದು ಬದಲಿಸುವ ಸಮಯ ಬಂದಾಗ 205/70ಕ್ಕೆ ಮರಳುವುದು ನನ್ನ ಸಲಹೆ, ಐದನೆಯದನ್ನೂ ಸೇರಿಸಿ.

ಗುಡ್ಡೆಯ ಮನೆಯವರಿಗೆ ಇನ್ನೊಂದು ಮಾತು. ಇಳಿಜಾರಿನಲ್ಲಿ ಗಾಡಿ ಅಡ್ಡಲಾಗಿ ವಾಲಿ ನಿಂತಿದ್ದರೆ ಬಾಗಿಲು ತನ್ನ ಭಾರಕ್ಕೆ ತಾನೇ ಬೀಸಿಕೊಂಡು ಹೋಗಿ ಕೊನೆಯಲ್ಲಿ ಹಿಂಜಿಗೆ ಬಡಿಯುತ್ತದೆ, ಹಿಂದಕ್ಕೆ ವಾಲಿದ್ದರೆ ತೆರೆದ ಬಾಗಿಲು ಅದೇ ದಿಕ್ಕಿಗೆ ಎಳೆಯುತ್ತದೆ. ಬಾಗಿಲನ್ನು ತಡೆದು ನಿಲ್ಲಿಸುವ ಚೆಕ್ ಸ್ಟ್ರಾಪ್ ತುಂಡಾಗಿದ್ದರೆ ಹಿಂಜಿನ ಜೊತೆಗೇ ಅದನ್ನೂ ಹಾಕಿಸಿ. ತುತ್ತಿನ ಡ್ರಮ್ ಸಾಗಿಸಿದ ದಿನ ಹಿಂಬದಿಯ ನೆಲ, ಬಾಗಿಲಿನ ತಳ, ಕೆಳಗಿನ ಹಿಂಜ್ ಈ ಮೂರಕ್ಕೂ ಪೈಪಿನಲ್ಲಿ ಧಾರಾಳ ನೀರು ಬಿಡಿ, ಬಾಗಿಲಿನಡಿಯ ನೀರು ಹೋಗುವ ರಂಧ್ರಗಳಲ್ಲಿ ಅಡಿಕೆ ಸಿಪ್ಪೆ, ಮಣ್ಣು ಕೂತಿದ್ದರೆ ಕಡ್ಡಿ ಹಾಕಿ ಬಿಡಿಸಿ.